ಎರಡನೇ ವಿಮಾನದ ಉಸಾಬರಿ

ಮೊದಲನೇ ವಿಮಾನ ಕೊಂಡಾಗ ನನ್ನನ್ನು ನೋಡಿ ನಕ್ಕವರೆಲ್ಲ, ಎರಡನೇದು ಕೊಳ್ಳಬೇಕು ಅಂದ ಕೂಡಲೇ ಸಲಹೆಗಾರರಾಗಿಬಿಟ್ಟರು. ನಗುವಾಗಲೇ ಎಷ್ಟೋ ಹಿತವಾಗಿತ್ತು. ನಾನು ಹೇಳುತ್ತಿರುವುದು ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವ ಆಟಿಕೆ ವಿಮಾನದ ಮಾತು. ಆಟಿಕೆ ಅಂದರೆ ನಮ್ಮ ಅಕ್ಕನ ಮಗನಿಗೆ ಸಿಟ್ಟು. "ಮಾಮಾ, ಮಾಡೆಲ್ ಅನ್ರಿ" ಅನ್ನುತ್ತಾನೆ. ನಮ್ಮಾಕಿಗೆ ಮಾಡೆಲ್ ಅಂದರೆ ಸಿಟ್ಟು. ರೊಕ್ಕ ಹೋದ ಮೇಲೆ ಏನಂತ ಕರೆದರೇನು ಅನ್ನುವುದು ಆಕೆಯ ವಾದ.

ಮೊದಲನೇದನ್ನು ಆರಿಸುವುದು ಕಷ್ಟವಲ್ಲ. ಅಲ್ಲಿ ನಮ್ಮ ಪರವಾಗಿ ಭಯವೇ ಆರಿಸುತ್ತದೆ. ರೆಕ್ಕೆ ಒಡಲಿನ ಮೇಲಿರಬೇಕು, ರೆಕ್ಕೆಯ ಎರಡೂ ತುದಿ ತುಸು ಮೇಲೆದ್ದಿರಬೇಕು, ಮೈಯೆಲ್ಲ ಫೋಮ್ ಇರಬೇಕು, ನಿಧಾನ ಹಾರಬೇಕು. ಇಂಥ ವಿಮಾನ ಒಂದು ಕಡೆಗೆ ವಾಲಿದರೆ ತಾನಾಗಿಯೇ ಸಮಕ್ಕೆ ಬರುತ್ತದೆ. ಹಾರಿಸುವವನು ಗಾಬರಿಯಾಗಿ ರಿಮೋಟಿನ ಕಡ್ಡಿ ಬಿಟ್ಟರೆ ಇನ್ನೂ ಚೆನ್ನಾಗಿ ಹಾರುತ್ತದೆ. ಯಜಮಾನನ ಮರ್ಯಾದೆಗೆ ಅದು ಅಷ್ಟು ಒಳ್ಳೆಯದಲ್ಲ. ಬಿದ್ದು ಮೂಗು ಮುರಿದರೆ ಗ್ಲೂ ಗನ್ನಿನಿಂದ ಅಂಟಿಸಿ, ಒಳಗೆ ಊದಿನಕಡ್ಡಿಯ ಬಿದಿರು ಚುಚ್ಚಿ, ಮೇಲೆ ಪಾರ್ಸಲ್ ಟೇಪು ಸುತ್ತಬೇಕು. ಪ್ರತಿ ರಿಪೇರಿಗೂ ಭಾರ ಏರುತ್ತದೆ. ಭಾರ ಏರಿದರೆ ಗಾಳಿಯಲ್ಲಿ ನಿಲ್ಲಲು ವೇಗ ಬೇಕು, ವೇಗ ಹೆಚ್ಚಿದರೆ ಬೀಳುವುದೂ ಜೋರು, ಜೋರಾಗಿ ಬಿದ್ದರೆ ಮತ್ತೆ ಟೇಪು. ಕಡೆಗೊಂದು ದಿನ ಟೇಪಿನೊಳಗೆ ವಿಮಾನ ಎಲ್ಲಿದೆ ಅಂತ ಹುಡುಕುವ ಹೊತ್ತಿಗೆ ಎರಡನೇದರ ಮಾತು ಏಳುತ್ತದೆ.

ನಮ್ಮ ರನ್‌ವೇ ಶಹಾಪುರದ ಹೊರಗಿನ ಒಬ್ಬ ಮುತ್ಯಾನ ಹೊಲ. ಅದು ರನ್‌ವೇ ಆಗಿರುವುದು ವರ್ಷದಲ್ಲಿ ಸ್ವಲ್ಪ ದಿನ ಮಾತ್ರ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಈ ಕಡೆ ನೀರು ಹರಿಯುವಲ್ಲೆಲ್ಲ ಭತ್ತ. ಭತ್ತದ ಗದ್ದೆಗಿಳಿದ ವಿಮಾನವನ್ನು ಮೋಟರಿನ ಹೊಟ್ಟೆ ತೊಳೆದೇ ಮನೆಗೆ ತರಬೇಕು. ಮುತ್ಯಾನದು ನೀರು ಹತ್ತದ ಎರೆ ಹೊಲ. ಒಂದು ಕಡೆ ತೊಗರಿ, ಒಂದು ಕಡೆ ಹತ್ತಿ, ನಡುವೆ ಬಿಳಿಜೋಳ. ಹತ್ತಿಯ ಕಟಗಿ ಫೋಮಿನೊಳಗೆ ನೆಟ್ಟಗೆ ಇಳಿಯುತ್ತದೆ. ತೊಗರಿಯೊಳಗೆ ವಿಮಾನ ಹೊಕ್ಕರೆ ಹುಡುಕುವುದಕ್ಕೇ ತಾಸು ಬೇಕು. ಜೋಳ ಕೊಯ್ದು ರಾಶಿ ಮುಗಿದ ಮೇಲೆ ಬಯಲು ನಮ್ಮದು. ಆಗಲೂ ಎರೆ ನೆಲ ಬಿರಿದಿರುತ್ತದೆ, ಸಣ್ಣ ಚಕ್ರ ಬಿರುಕಿಗೆ ಸಿಕ್ಕರೆ ವಿಮಾನ ಪಲ್ಟಿ. ಹಾಗಾಗಿ ಚಕ್ರ ಕಿತ್ತಿಟ್ಟು, ಕೈಯಿಂದ ಎಸೆದು ಹಾರಿಸಿ, ಹೊಟ್ಟೆಯ ಮೇಲೆ ಇಳಿಸುವುದೇ ನಮ್ಮ ಪದ್ಧತಿ. ಅದೂ ಬೆಳಿಗ್ಗೆ ಬೇಗ. ಬಿಸಿಲೇರಿದರೆ ಹೊಲದಲ್ಲಿ ಸುಳಿಗಾಳಿ ಎದ್ದು, ಮೇಲಿದ್ದದ್ದು ಯಾರ ವಿಮಾನ ಅನ್ನುವುದೇ ಪ್ರಶ್ನೆಯಾಗುತ್ತದೆ.

ಮುತ್ಯಾ ಮೊದಲ ದಿನವೇ ತಪಾಸಣೆ ಮಾಡಿದ್ದ.

"ಎಣ್ಣಿ ಹೊಡಿತದೇನ್ರಿ ಇದು?"

ಹತ್ತಿಗೆ, ತೊಗರಿಗೆ ಔಷಧ ಸಿಂಪಡಿಸುವ ಡ್ರೋನು ಈಗ ಈ ಕಡೆಯೂ ಬಂದಿದೆಯಲ್ಲ, ಅದರ ತಮ್ಮನೋ ಏನೋ ಅಂದುಕೊಂಡಿದ್ದ.

"ಇಲ್ಲ ಮುತ್ಯಾ."

"ಫೋಟೋ ತೆಗೀತದ?"

"ಇಲ್ಲ."

"ಮತ್ತೇನ್ ಮಾಡ್ತದ?"

"ಹಾರ್ತದ."

"ಹಾರಿ?"

"ಇಳೀತದ."

"ಅದಾ ನೆಟ್ಟಗ ಮಾಡಲ್ಲ ಅಂತೀನಿ" ಅಂದ. ಒಂದೇ ಹಾರಾಟ ನೋಡಿ ಹೇಳಿದ ಮಾತದು.

ಪೊಲೀಸರು ಕೇಳಿದರೆ ಹೇಳುವುದಕ್ಕೆ ಮಾತ್ರ ನನ್ನ ಹತ್ತಿರ ಗಟ್ಟಿ ಉತ್ತರವಿದೆ. ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೆ ಬೇರೆಯೇ ಜಾಗ ಕೊಟ್ಟಿವೆ: ತೂಕ 25 ಕಿಲೋ ಮೀರಬಾರದು, ಕಣ್ಣಳತೆಯಲ್ಲೇ ಹಾರಬೇಕು, ಕಲಿಕೆಗೋ ಸಂಶೋಧನೆಗೋ ಮೋಜಿಗೋ ಇರಬೇಕು. ನಕ್ಷೆಯಲ್ಲಿ ಹಸಿರು ಬಣ್ಣದ ವಲಯದಲ್ಲಿ 400 ಅಡಿಯವರೆಗೆ ಮುಕ್ತ. ನನ್ನದು ಒಂದು ಕಿಲೋ ಸಹ ತೂಗುವುದಿಲ್ಲ, ಮತ್ತು 400 ಅಡಿ ಮೇಲೆ ಹೋದರೆ ನನಗೆ ಅದು ಹದ್ದೋ ವಿಮಾನವೋ ತಿಳಿಯುವುದಿಲ್ಲ. ಕಾನೂನು ಪಾಲಿಸುವುದು ನನಗೆ ಸಲೀಸು.

ಸಲಹೆಗಾರರಿಗೆ ಬರೋಣ. ಅಕ್ಕನ ಮಗ ಪಿಯುಸಿ. ಅವನಿಗೆ ತೇಜಸ್ ಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ್ದು ಎಂಬುದರಿಂದ ಹಿಡಿದು ಎಲ್ಲ ಅವನಿಗೆ ಬಾಯಿಪಾಠ, ರಸಾಯನಶಾಸ್ತ್ರ ಒಂದು ಬಿಟ್ಟು. ಮಾದರಿ ಜೆಟ್‌ಗಳ ಹೊಟ್ಟೆಯೊಳಗೆ ಒಂದು ಸಣ್ಣ ಫ್ಯಾನು ಕೂತು ವಿಪರೀತ ವೇಗದಲ್ಲಿ ತಿರುಗುತ್ತದೆ. ಅದು ಬ್ಯಾಟರಿ ಕುಡಿಯುವ ರೀತಿಗೆ ನಾಲ್ಕು ನಿಮಿಷ ಹಾರಿದರೆ ಹೆಚ್ಚು. ಮೊದಲ ನಿಮಿಷ ನಾನು ಗಾಬರಿಯಲ್ಲಿ, ಕೊನೆಯ ನಿಮಿಷ ಇಳಿಸುವ ಚಿಂತೆಯಲ್ಲಿ. ನಡುವಿನ ಎರಡು ನಿಮಿಷಕ್ಕೆ ಅಷ್ಟು ದುಡ್ಡು ಕೊಡಬೇಕು. ಮೇಲಾಗಿ ಮುತ್ಯಾನ ಹೊಲದ ಧೂಳು ಆ ಫ್ಯಾನಿಗೆ ಆಗಿಬರುವುದಿಲ್ಲ. ಬೇಡ ಅಂದೆ. "ಹಂಗಾರ ಸ್ಪಿಟ್‌ಫೈರ್ ತರ್ರಿ" ಅಂದ. ನೋಡಲು ಅದರಷ್ಟು ಚೆಂದದ ವಿಮಾನ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ತುದಿಗೆ ಹೋಗುತ್ತ ಕಿರಿದಾಗುವ ಆ ರೆಕ್ಕೆಯ ಸಣ್ಣ ಮಾದರಿಗಳಿಗೆ ಒಂದು ಚಾಳಿ ಇದೆ. ಇಳಿಸುವಾಗ ವೇಗ ಕಡಿಮೆಯಾಯಿತು, ನಾವು ಹೆದರಿ ಕಡ್ಡಿ ಹಿಂದಕ್ಕೆ ಎಳೆದೆವು ಅಂದರೆ, ಮುನ್ಸೂಚನೆ ಕೊಡದೆ ಒಂದು ರೆಕ್ಕೆ ತಟ್ಟನೆ ಕುಸಿಯುತ್ತದೆ. ಮುಂದಿನದು ಗ್ಲೂ ಗನ್ನಿನ ಕೆಲಸ. ನಿಜವಾದ ಸ್ಪಿಟ್‌ಫೈರ್ ಹಾರಿಸಿದವರೂ ಮೊದಲು ಟೈಗರ್ ಮಾತ್, ಆಮೇಲೆ ಹಾರ್ವರ್ಡ್ ಅಂತ ಮೆಟ್ಟಿಲು ಹತ್ತಿಯೇ ಬಂದವರು ಅಂತ ಹೇಳಿ ನೋಡಿದೆ. "ಅವರ ಕಡೆ ಯೂಟ್ಯೂಬ್ ಇರಲಿಲ್ಲ ಮಾಮಾ" ಅಂದ.

ಸುರಪುರದಲ್ಲಿ ನಮ್ಮ ಷಡ್ಡಕರಿದ್ದಾರೆ. ಅವರದು ಗುಡ್ಡದ ವಾದ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಬಂಗಲೆಗೆ ಗುಡ್ಡದ ನೆತ್ತಿಯನ್ನೇ ಆರಿಸಿಕೊಂಡ. ಟೇಲರ್ ಮಂಜಿಲ್ ಈಗಲೂ ಅಲ್ಲಿದೆ. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ, ನೀವೊಂದು ಗ್ಲೈಡರ್ ತಗೊಳ್ಳಿ ಅಂದರು. ಮಾತಿನಲ್ಲಿ ಹುರುಳಿತ್ತು. ಗುಡ್ಡಕ್ಕೆ ಬಡಿದ ಗಾಳಿ ಮೇಲೇಳುತ್ತದೆ, ಆ ಏರುಗಾಳಿಯಲ್ಲಿ ಮೋಟರಿಲ್ಲದ ಗ್ಲೈಡರು ತಾಸುಗಟ್ಟಲೆ ತೇಲಬಲ್ಲದು. ತೇಲಿದ್ದು ಇಳಿಯಬೇಕಲ್ಲ. ಸುರಪುರದ ಗುಡ್ಡದಲ್ಲಿ ಬಂಡೆ ಬಿಟ್ಟರೆ ಬಂಡೆ. ನಾನು ಹಿಂದೆ ಮುಂದೆ ನೋಡುವುದನ್ನು ಕಂಡು ಷಡ್ಡಕರು ಪುರಾತನಕ್ಕೆ ಹೋದರು: "ಇವೆಲ್ಲ ಪರದೇಶದ ಡಿಜೈನು ಯಾಕ್ರಿ? ವೈಮಾನಿಕ ಶಾಸ್ತ್ರ ಅದ ಅಲ್ಲ, ಅದರಾಗಿನ ರುಕ್ಮ ವಿಮಾನ ಮಾಡ್ರಿ." ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ಪುಸ್ತಕ ಅದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದರ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳನ್ನು ಲೆಕ್ಕ ಹಾಕಿ ನೋಡಿ, ಯಾವುದಕ್ಕೂ ಹಾರುವ ಗುಣವಿಲ್ಲ ಅಂತ ಬರೆದರು. ಇದನ್ನು ವಿನಯದಿಂದಲೇ ತಿಳಿಸಿದೆ. "ನಿಮ್ದು ಹಾರ್ತದೇನ್ ಹಂಗಾರ?" ಅಂದರು. ಆಮೇಲೆ ಚಹಾ ಬಂತು.

ಯಾದಗಿರಿಯ ಗೆಳೆಯನದು ಮೊಬೈಲ್ ರಿಪೇರಿ ಅಂಗಡಿ. ನನ್ನ ವಿಮಾನದ ವೈರು, ಪಿನ್ನು, ಸೋಲ್ಡರಿಂಗ್ ಎಲ್ಲ ಅವನ ಕೈಯದು. ವಿಮಾನ ಹಾರಿದ್ದನ್ನು ಅವನು ಒಮ್ಮೆಯೂ ನೋಡಿಲ್ಲ, ಮುರಿದದ್ದನ್ನು ಮಾತ್ರ ನೋಡಿದ್ದಾನೆ. ಅದರಿಂದ ಅವನ ಅಭಿಪ್ರಾಯಕ್ಕೆ ಒಂದು ನಿಷ್ಠುರತೆ ಬಂದಿದೆ. ಅವನಿಗೆ ರೆಕ್ಕೆ ಗಿಕ್ಕೆ ಲೆಕ್ಕಕ್ಕಿಲ್ಲ, ವ್ಯಾಟ್ ಬೇಕು. "ದೊಡ್ಡ ಮೋಟರ್ ಹಾಕು, ಬಾಗಿಲು ಹಚ್ಚಿದರೂ ಹಾರ್ತದ." ಕಲಿಯುವವನ ವಿಮಾನಕ್ಕೆ ಕಿಲೋಗೆ 150 ವ್ಯಾಟಿನ ಸುಮಾರು ಇದ್ದರೆ ಧಾರಾಳ. ಬಿಡಿಭಾಗದ ವಿಷಯದಲ್ಲಿ ಅವನ ಮಾತು ಕೇಳಲೇಬೇಕು. ಈ ಮೂರೂ ಊರಲ್ಲಿ ಇಂಥ ಸಾಮಾನಿನ ಅಂಗಡಿ ಇಲ್ಲ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಯಾದಗಿರಿಗೆ ಹೋಗಿ ಹೈದರಾಬಾದಿನ ರೈಲು ಹಿಡಿಯಬೇಕು, ಇಲ್ಲ ಕೊರಿಯರ್ ಕಾಯಬೇಕು. ಲಿಥಿಯಂ ಪಾಲಿಮರ್ ಬ್ಯಾಟರಿ ಬೆಂಕಿಯ ಭಯದಿಂದ ರಸ್ತೆ ಮೇಲೇ ನಿಧಾನ ಬರುತ್ತದೆ. ಬಂದ ಮೇಲೂ ಅದರ ಬಾಣಂತನ ಸಣ್ಣದಲ್ಲ: ಪೂರ್ತಿ ಚಾರ್ಜ್ ಮಾಡಿ ಇಡುವಂತಿಲ್ಲ, ಪೂರ್ತಿ ಖಾಲಿ ಮಾಡುವಂತಿಲ್ಲ, ನಮ್ಮ ಮೇ ತಿಂಗಳ ಬಿಸಿಲಲ್ಲಿ ಗಾಡಿಯೊಳಗೆ ಬಿಟ್ಟರೆ ಉಬ್ಬುತ್ತದೆ. ನಮ್ಮ ಮನೆಯಲ್ಲಿ ಅದು ನೀರಿನ ಗಡಗಿ ಇಟ್ಟ ತಂಪು ಮೂಲೆಯಲ್ಲಿರುತ್ತದೆ. ಬೀಗರು ಬಂದಾಗ ಅದೇನು ಅಂತ ಕೇಳುತ್ತಾರೆ, ನಮ್ಮಾಕಿ "ಅವರ ಔಷಧ" ಅನ್ನುತ್ತಾಳೆ.

ಶಹಾಪುರದಲ್ಲಿ ನನಗೆ ಸಲಹೆ ಕೊಡದವನೆಂದರೆ ಬೆಟ್ಟದ ಸಾಲಿನ ಆಕಾರದಲ್ಲಿ ಮಲಗಿದ ಬುದ್ಧ ಒಬ್ಬನೇ.

ಇಷ್ಟರ ನಡುವೆ ನನಗೆ ಹೊಳೆದದ್ದು, ಎರಡನೇ ವಿಮಾನದ ತಾಪತ್ರಯ ನಮ್ಮೊಬ್ಬರದಲ್ಲ, ಬೀದರಿನ ವಾಯುನೆಲೆಯ ಚರಿತ್ರೆಯೂ ಅದೇ ಅಂತ. ನಮ್ಮ ವಾಯುಪಡೆಯ ಹುಡುಗರು ಬಹಳ ಕಾಲ ಕಿರಣ್‌ನಂಥ ಸೌಮ್ಯ ತರಬೇತಿ ವಿಮಾನದಿಂದ ಇಳಿದು ಮಿಗ್-21 ಏರಬೇಕಿತ್ತು. ಅದು ಇಳಿಯಲು ಬರುವಾಗಲೇ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕ ವೇಗ. ನಡುವೆ ಒಂದು ಮೆಟ್ಟಿಲು ಬೇಕು ಅಂತ ಅಪಘಾತಗಳನ್ನು ಪರಿಶೀಲಿಸಿದ ಸಮಿತಿ 1982ರಲ್ಲೇ ಹೇಳಿತ್ತು. ಆ ಮೆಟ್ಟಿಲಾದ ಹಾಕ್ ವಿಮಾನಕ್ಕೆ ಸಹಿ ಬಿದ್ದದ್ದು 2004ರಲ್ಲಿ, ಅದು ಬೀದರಿಗೆ ಬಂದು ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಎರಡನೇ ವಿಮಾನ ಆರಿಸುವುದಕ್ಕೆ ದೆಹಲಿಗೆ 22 ವರ್ಷ ಹಿಡಿಯಿತು. ನಾನು ಒಂದು ಮಳೆಗಾಲ ಯೋಚಿಸಿದ್ದಕ್ಕೆ "ಇನ್ನೂ ಮುಗೀಲಿಲ್ಲೇನ್ರಿ ನಿಮ್ದು" ಅಂತ ಮನೆಯಲ್ಲಿ ಕೇಳುತ್ತಾರೆ.

ನನ್ನ ಲೆಕ್ಕ ಇಷ್ಟು. ಮೊದಲನೇದನ್ನು ಹಾರಿಸುವಾಗ ಕಲಿಯಲೇಬೇಕಾದ ವಿದ್ಯೆ ಒಂದಿದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ಅದೇ ತಿರುಗಿ ನಮ್ಮ ಕಡೆ ಬರುವಾಗ ಎರಡೂ ಅದಲು ಬದಲು. ಯಾವ ರೆಕ್ಕೆ ಕುಸಿಯಿತೋ ಆ ಕಡೆಗೇ ಕಡ್ಡಿ ದೂಡು ಅನ್ನುವುದು ಬಲ್ಲವರ ಸೂತ್ರ. ಇದು ಬುದ್ಧಿಗೆ ಒಂದು ಕ್ಷಣದಲ್ಲಿ ತಿಳಿಯುತ್ತದೆ, ಹೆಬ್ಬೆರಳಿಗೆ ತಿಂಗಳುಗಳು ಬೇಕು. ವಿಮಾನ ಆರಿಸುವುದು ಕಣ್ಣು, ಹಾರಿಸುವುದು ಹೆಬ್ಬೆರಳು, ಇವೆರಡಕ್ಕೂ ಮಾತುಕತೆ ಇಲ್ಲ. ಅದಕ್ಕೇ ಎರಡನೇ ವಿಮಾನ ತೀರಾ ಚೆಂದ ಇರಬಾರದು ಅನ್ನುವುದು ನನ್ನ ಪಕ್ಷ. ಚೆಂದದ್ದು ಮೇಲೇರಿದರೆ ಕೈ ನಡುಗುತ್ತದೆ. ಮೇಲ್ರೆಕ್ಕೆಯೇ ಇರಲಿ, ರಡ್ಡರು, ಎಲಿವೇಟರಿನ ಜೊತೆಗೆ ಈ ಸಲ ಐಲರಾನ್ ಒಂದು ಹೊಸದಾಗಿ ಸೇರಲಿ ಅಂತ ನಿರ್ಧರಿಸಿದೆ. ರೆಕ್ಕೆಯ ಹಿಂಬದಿಯ ಆ ಎರಡು ಪಟ್ಟಿ ಬಂದರೆ ವಿಮಾನ ಹೇಳಿದಷ್ಟು ವಾಲುತ್ತದೆ. ವಾಲಿದ್ದನ್ನು ತಾನಾಗಿ ಸಮ ಮಾಡಿಕೊಳ್ಳುವ ಔದಾರ್ಯ ಮಾತ್ರ ಕಡಿಮೆಯಾಗುತ್ತದೆ. ಅಲ್ಲಿಗೆ ನಾನೂ ಅಳುಕಿದ್ದೆ.

ಆ ಅಳುಕನ್ನು ತೆಗೆದದ್ದು ಮುತ್ಯಾ. ಬದುವಿನ ಮೇಲೆ ಕೂತು ನಮ್ಮ ಮಾಮಾ ಅಳಿಯನ ಜಗಳ ಪೂರ್ತಿ ಕೇಳಿಸಿಕೊಂಡು ಅಂದ:

"ಹೋರಿ ಪಳಗಿಸೂವಾಗ ಹಳೇ ಎತ್ತಿನ ಜೋಡಿ ಹೂಡ್ತೀವ್ರಿ. ಎರಡೂ ಹೊಸಾವು ಕಟ್ಟಿದ್ರ ಬಂಡಿ ಹಳ್ಳದಾಗ. ನಿಮ್ದು ನೋಡಿದ್ರ ಇಮಾನಾನೂ ಹೊಸಾದು, ನೀವೂ ಹೊಸಬರು."

ಹಾಕ್ ವಿಮಾನದಲ್ಲಿ ಹಿಂದಿನ ಸೀಟಿನಲ್ಲಿ ಗುರು ಕೂರುವುದು ಇದಕ್ಕೇ. ನಮ್ಮ ಹವ್ಯಾಸದಲ್ಲೂ ಎರಡು ರಿಮೋಟ್ ಜೋಡಿಸಿ, ಶಿಷ್ಯ ಎಡವಿದಾಗ ಗುರು ಕೈಗೆ ತೆಗೆದುಕೊಳ್ಳುವ ಏರ್ಪಾಡಿದೆ. ಶಹಾಪುರದಲ್ಲಿ ಗುರುವನ್ನು ಎಲ್ಲಿಂದ ತರುವುದು? ಆದರೆ ಈಗಿನ ಎಷ್ಟೋ ತರಬೇತಿ ವಿಮಾನಗಳೊಳಗೆ ಗೈರೋ ಬರುತ್ತದೆ. ರಿಮೋಟಿನಲ್ಲಿ ಮೂರು ಹಂತದ ಸ್ವಿಚ್ಚು. ಮೊದಲ ಹಂತದಲ್ಲಿ ಅದು ಒಂದು ಮಿತಿಗಿಂತ ವಾಲಲು ಬಿಡುವುದಿಲ್ಲ, ಕಡ್ಡಿ ಬಿಟ್ಟರೆ ಸಮ ಮಾಡುತ್ತದೆ. ನಡುವಿನದರಲ್ಲಿ ತುಸು ಸಡಿಲ. ಮೂರನೆಯದರಲ್ಲಿ ನೀನುಂಟು ನಿನ್ನ ಹಣೆಬರಹ ಉಂಟು. ಹಳೇ ಎತ್ತು ಪೆಟ್ಟಿಗೆಯೊಳಗೇ ಸಿಕ್ಕಿತು. ಆರ್ಡರ್ ಮಾಡಿದೆ.

ಬಂದ ದಿನ ಬಣ್ಣದ ಜಗಳ. ತೇಜಸ್ ಅಲ್ಲದಿದ್ದರೆ ತೇಜಸ್‌ನ ಬೂದುಬಣ್ಣವಾದರೂ ಇರಲಿ ಅಂತ ಹುಡುಗನ ಹಟ. ಯುದ್ಧವಿಮಾನದ ಬಣ್ಣ ಶತ್ರುವಿಗೆ ಕಾಣದಿರಲಿ ಅಂತ ಹಚ್ಚುವಂಥದ್ದು. ನನ್ನ ವಿಮಾನಕ್ಕೆ ಶತ್ರು ಅಂತ ಇದ್ದರೆ ನಾನೇ, ನನಗೆ ಅದು ಚೆನ್ನಾಗಿ ಕಾಣಬೇಕು. ಕಡೆಗೆ ಬೆನ್ನು ಅವನಿಗೆ, ಹೊಟ್ಟೆ ನನಗೆ ಅಂತ ಪಾಲಾಯಿತು. ಮೇಲೆ ಬೂದು, ಕೆಳಗೆ ಕಿತ್ತಳೆ ಬಣ್ಣದ ದಪ್ಪ ಪಟ್ಟಿ. ಆಕಾಶದಲ್ಲಿ ಪಟ್ಟಿ ಕಂಡರೆ ನೆಟ್ಟಗಿದೆ, ಕಾಣದಿದ್ದರೆ ತಲೆಕೆಳಗು.

ಈಗ ಗಾಳಿಯಿಲ್ಲದ ಬೆಳಗಿನಲ್ಲಿ ಸ್ವಿಚ್ಚು ಮೂರಕ್ಕೆ ಹಾಕುವಷ್ಟು ಧೈರ್ಯ ಬಂದಿದೆ. ಮುತ್ಯಾ ಶಬ್ದ ಕೇಳಿಯೇ ಕಂಡುಹಿಡಿಯುತ್ತಾನೆ.

"ಹಳೇ ಎತ್ತು ಬಿಚ್ಚೀರೇನ್ರಿ?"

"ಬಿಚ್ಚೀನಿ ಮುತ್ಯಾ."

"ಭಾರ ಕಮ್ಮಿ ಆಗಿರಬೇಕಲ್ಲ ಹಂಗಾರ. ಒಂದು ಸಣ್ಣ ಎಣ್ಣಿ ಡಬ್ಬಿ ಕಟ್ಟಬಹುದೇನು ನೋಡ್ರಿ."