ಬೊಂಬಾಯಿ ಅಣ್ಣನ ಎರಡನೇ ಕೀ

ಡಿಸೆಂಬರ್ 20 ದಾಟಿತೋ ಇಲ್ಲವೋ, ಪಡುಬಿದ್ರಿಯಲ್ಲಿ ಊರು ತುಂಬಿದ್ದು ಮೊದಲು ಗೊತ್ತಾಗುವುದು ನಂಬರ್ ಪ್ಲೇಟಿನಿಂದ. ವರ್ಷವಿಡೀ ಕೆಎ 20, ಕೆಎ 19 ನೋಡಿ ನೋಡಿ ಬೇಸತ್ತ ಕಾರ್ಕಳ ರಸ್ತೆಯ ತಿರುವಿನಲ್ಲಿ ಅಂಧೇರಿಯ ಎಂಎಚ್ 02, ಠಾಣೆಯ ಎಂಎಚ್ 04, ನವಿ ಮುಂಬಯಿಯ ಎಂಎಚ್ 43 ಸಾಲುಗಟ್ಟುತ್ತವೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ 66ರಲ್ಲಿ (ಊರಿನ ಹಿರಿಯರ ಬಾಯಲ್ಲಿ ಅದಿನ್ನೂ ಹದಿನೇಳೇ) ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಬೊಂಬಾಯಿ ಅಣ್ಣ ಅಂಗಳದಲ್ಲಿ ಇಳಿಯುತ್ತಾರೆ. ಜಗಲಿಯಲ್ಲಿ ಎಂಬತ್ತು ದಾಟಿದ ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಅಣ್ಣ ಅತ್ತ ನೋಡುವುದಿಲ್ಲ. ಕೀ ಒತ್ತುತ್ತಾರೆ. ಕಾರು ಕುಂಯ್ ಎನ್ನುತ್ತದೆ. ನಾಲ್ಕೂ ಬಾಗಿಲು ಎಳೆದು, ಡಿಕ್ಕಿ ಎಳೆದು, ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಡ್ರೈವರ್ ಬದಿಯ ಬಾಗಿಲನ್ನು ಇನ್ನೊಮ್ಮೆ ಎಳೆದ ಮೇಲೆಯೇ ತಾಯಿಯ ಕಾಲಿಗೆ ಬೀಳುವುದು.

ಈ ಅಣ್ಣನಿಗೆ ಹೆಸರು ಬೇಡ. ಎರ್ಮಾಳಿನಲ್ಲಿ ಒಬ್ಬರಿದ್ದಾರೆ, ಹೆಜಮಾಡಿಯಲ್ಲಿ ಒಬ್ಬರಿದ್ದಾರೆ, ಕಾಪುವಿನಲ್ಲಿ ಓಣಿಗೆ ಇಬ್ಬರಂತೆ ಸಿಗುತ್ತಾರೆ. ಹದಿನಾರಕ್ಕೆ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ ಮಾಡಿ, ಕೊನೆಗೆ ಐವತ್ತರ ಮೇಲೆ ಕೊಂಡ ಕಾರು ಅದು. ಊರಿನವರ ಕಣ್ಣಿಗೆ ಅದು ವಾಹನ. ಅಣ್ಣನಿಗೆ ಮೂವತ್ತೈದು ವರ್ಷದ ಲೆಕ್ಕಪುಸ್ತಕ. ಅದನ್ನು ಯಾರಾದರೂ ಹಾರಿಸಿಕೊಂಡು ಹೋದರೆ ಎಂಬ ಭಯವನ್ನು ಕಂಡು ನಗುವುದು ಸುಲಭ, ಹಾಗಾಗಿ ಊರು ನಗುತ್ತದೆ.

ಕಾರಿನೊಳಗೆ ಇಣುಕಿದರೆ ಕಾಣುವುದು ಸೀಟಲ್ಲ, ಕಬ್ಬಿಣ. ಸ್ಟೀರಿಂಗಿಗೆ ಅಡ್ಡಲಾಗಿ ಮೊಣಕೈ ಉದ್ದದ ಹಳದಿ ಸಲಾಕೆ, ಗೇರಿಗೊಂದು ಬೀಗ, ಎಲ್ಲೋ ಒಳಗೆ ಅಡಗಿಸಿದ ಜಿಪಿಎಸ್. ಅಡಗಿಸಿದ್ದು ಎಲ್ಲಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಅಡಗಿಸಿದ್ದೇನೆ ಎಂಬುದನ್ನು ಮದುವೆ ಹಾಲಿನಲ್ಲಿ ಊಟದ ಪಂಕ್ತಿ ಪೂರ್ತಿ ಕೇಳುವಂತೆ ಹೇಳುತ್ತಾರೆ. ನಂಬರ್ ಪ್ಲೇಟಿನ ಮೇಲೂ ಅವರಿಗೆ ಅಪಾರ ಭಕ್ತಿ. 2019ರ ಏಪ್ರಿಲ್ 1ರ ನಂತರದ ಕಾರುಗಳಿಗೆ ಹುಟ್ಟುವಾಗಲೇ ಬರುವ ಅತಿ ಸುರಕ್ಷಿತ ಫಲಕ ಅದು: ಕ್ರೋಮಿಯಂ ಅಶೋಕ ಚಕ್ರದ ಹಾಲೋಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಲಾಕು. ‘ಕಳ್ಳನಿಗೆ ಪ್ಲೇಟೇ ಬದಲಿಸಲಾಗುವುದಿಲ್ಲ’ ಎನ್ನುತ್ತಾರೆ ಅಣ್ಣ. ಕಾರು ಒಯ್ಯುವವನು ಪ್ಲೇಟು ಮುರಿಯಲು ಹಿಂಜರಿಯುತ್ತಾನೆ ಎಂದು ಅವರಿಗೆ ಹೇಗೆ ಅನಿಸಿತೋ!

ಅವರ ಭಾವನಿಗೆ, ಎಂದರೆ ಅಕ್ಕನ ಗಂಡನಿಗೆ, ಕೇಳುವಷ್ಟು ಪುರುಸೊತ್ತಿಲ್ಲ. ಅವರಲ್ಲೊಂದು ಮಾರುತಿ 800 ಇದೆ. ಆ ಮಾದರಿಯ ತಯಾರಿಯೇ 2014ರಲ್ಲಿ ನಿಂತಿತು. ಭಾವನ ಗಾಡಿಗೆ ಅದನ್ನು ಯಾರೂ ಹೇಳಿಲ್ಲ. ಗ್ಲಾಸು ಅರ್ಧ ಇಳಿದೇ ಇರುತ್ತದೆ, ಏರುವುದಿಲ್ಲ. ಕೀ ಅದರಲ್ಲೇ ನೇತಾಡುತ್ತಿರುತ್ತದೆ.

‘ಕೀ ಯಾಕೆ ಅಲ್ಲೇ ಬಿಡುವುದು ಭಾವ?’

‘ತೆಗೆದರೆ ಎಲ್ಲಿ ಇಟ್ಟೆ ಅಂತ ಮರೆತುಹೋಗ್ತದೆ ಮಾರಾಯ.’

‘ಯಾರಾದರೂ ಕೊಂಡುಹೋದರೆ?’

‘ಕೊಂಡುಹೋಗಲಿ. ಉಚ್ಚಿಲ ದಾಟುವ ಮೊದಲು ನಾಲ್ಕು ಜನ ಫೋನ್ ಮಾಡ್ತಾರೆ, ನಿಮ್ಮ ಗಾಡಿಯಲ್ಲಿ ಬೇರೆ ಯಾರೋ ಹೋಗ್ತಾ ಇದ್ದಾರೆ ಅಂತ.’

ಅಣ್ಣ ಸುಮ್ಮನಿರುವವರಲ್ಲ. 2017ರ ಅಕ್ಟೋಬರ್ 12ರಂದು ದೆಹಲಿಯ ಸಚಿವಾಲಯದ ಹೊರಗಿನಿಂದಲೇ ಮುಖ್ಯಮಂತ್ರಿ ಕೇಜ್ರಿವಾಲರ ನೀಲಿ ವ್ಯಾಗನ್ಆರ್ ಕಳವಾಯಿತು, ಎರಡು ದಿನದ ಮೇಲೆ ಗಾಜಿಯಾಬಾದಿನಲ್ಲಿ ಸಿಕ್ಕಿತು. 2024ರ ಮಾರ್ಚಿನಲ್ಲಿ ಜೆ.ಪಿ. ನಡ್ಡಾ ಅವರ ಪತ್ನಿಯ ಫಾರ್ಚೂನರ್ ದೆಹಲಿಯಲ್ಲಿ ಸರ್ವೀಸಿಗೆ ಹೋದ ಹೊತ್ತಿನಲ್ಲಿ ಮಾಯವಾಗಿ, ಪತ್ತೆಯಾದದ್ದು ವಾರಣಾಸಿಯಲ್ಲಿ. ಎರಡು ಪಕ್ಷದವರ ಕಾರೂ ಹೋಗಿದೆ, ಕಳ್ಳರಿಗೆ ಪಕ್ಷಭೇದವಿಲ್ಲ ಎಂಬುದು ಅಣ್ಣನ ವಾದ. ಹಳದಿ ಸಲಾಕೆಯನ್ನು ಯಾರಾದರೂ ಗೇಲಿ ಮಾಡಿದರೆ ಅಮೆರಿಕಕ್ಕೇ ಹೋಗುತ್ತಾರೆ. ಅಲ್ಲಿ ಕೆಲವು ಹ್ಯುಂಡೈ, ಕಿಯಾ ಕಾರುಗಳಿಗೆ, ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇರಲಿಲ್ಲ. ಯುಎಸ್‌ಬಿ ಕೇಬಲ್ಲಿನಿಂದ ಅವನ್ನು ಸ್ಟಾರ್ಟ್ ಮಾಡುವುದು ಹೇಗೆಂದು 2022ರಲ್ಲಿ ಪಡ್ಡೆ ಹುಡುಗರು ವಿಡಿಯೊ ಹರಡಿದರು. ಕೊನೆಗೆ ಕಂಪನಿಗಳು ಸಾಫ್ಟ್‌ವೇರ್ ಸರಿಪಡಿಸುವುದರ ಜತೆಗೆ ಹಂಚಿದ್ದು ಏನನ್ನು? ಇದೇ ಸಲಾಕೆಯನ್ನು. ಇಲ್ಲಿ ಅಣ್ಣ ಹೇಳುವುದು ಸರಿ, ಒಪ್ಪಬೇಕು.

ರಿಮೋಟ್ ಕೀಯ ವಿಷಯದಲ್ಲೂ ಅವರ ಭಯ ಪೊಳ್ಳಲ್ಲ. ಕೀ ಮನೆಯೊಳಗಿದ್ದರೂ ಸಣ್ಣದಾಗಿ ಸಂಕೇತ ಕೊಡುತ್ತಿರುತ್ತದೆ. ಒಬ್ಬ ಕಳ್ಳ ಕಿಟಕಿಯ ಹತ್ತಿರ ಯಂತ್ರ ಹಿಡಿದು ಅದನ್ನು ಹಿಡಿಯುತ್ತಾನೆ, ಇನ್ನೊಬ್ಬ ಕಾರಿನ ಪಕ್ಕ ನಿಂತು ಅದನ್ನೇ ದೊಡ್ಡದು ಮಾಡಿ ಬಿಡುತ್ತಾನೆ. ಯಜಮಾನರೇ ಬಂದರೆಂದು ಕಾರು ಬಾಗಿಲು ತೆರೆಯುತ್ತದೆ. ಇದಕ್ಕೆ ಮದ್ದು ಲೋಹದ ಪೆಟ್ಟಿಗೆ. 1836ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಲೋಹದ ಕೋಣೆ ಕಟ್ಟಿ ತೋರಿಸಿದ ತತ್ವವನ್ನು ಅಣ್ಣ ಅಕ್ಕನ ಅಡುಗೆಮನೆಯಲ್ಲಿ ಚಕ್ಕುಲಿಯ ಸ್ಟೀಲ್ ಡಬ್ಬಿಯಿಂದ ನೆರವೇರಿಸಿದರು. ರಾತ್ರಿ ಚಕ್ಕುಲಿಗೆ ಕೈ ಹಾಕಿದ ಮೊಮ್ಮಗ ಕೀ ಕಚ್ಚಿದ.

ಎರಡನೇ ಕೀಯ ಕತೆ ಬೇರೆ. ಕಾರು ಕಳವಾದರೆ ವಿಮೆಯವರು ಎಫ್‌ಐಆರ್ ಜತೆಗೆ ಎರಡೂ ಕೀ ತಂದಿಡಿ ಎನ್ನುತ್ತಾರೆ. ಒಂದು ಇಲ್ಲವೆಂದರೆ, ಗಾಡಿಯಲ್ಲೇ ಬಿಟ್ಟಿರಿ, ಅದು ನಿಮ್ಮ ಬೇಜವಾಬ್ದಾರಿ ಎಂದು ತಕರಾರು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ಆ ತಕರಾರೂ ಇಲ್ಲ, ದುಡ್ಡೂ ಇಲ್ಲ. ಸಮಗ್ರ ವಿಮೆ ಇದ್ದರೂ ಕೈಗೆ ಬರುವುದು ಕೊಂಡ ಬೆಲೆಯಲ್ಲ. ನಾಲ್ಕು ದಾಟಿ ಐದನೇ ವರ್ಷದಲ್ಲಿರುವ ಕಾರಿಗೆ ತೇಮಾನು ನೂರಕ್ಕೆ 50. ಇಷ್ಟನ್ನೂ ಓದಿಕೊಂಡ ಅಣ್ಣ ಎರಡನೇ ಕೀಯನ್ನು ಡೊಂಬಿವಲಿಯ ಬ್ಯಾಂಕಿನ ಲಾಕರಿನಲ್ಲಿ, ಹೆಂಡತಿಯ ಕರಿಮಣಿಯ ಪಕ್ಕ ಇಟ್ಟಿದ್ದಾರೆ. ಲಾಕರು ಇಬ್ಬರ ಹೆಸರಿನಲ್ಲಿ.

ಕೋಲದ ರಾತ್ರಿಯ ಪಾಡು ಕೇಳಬೇಡಿ. ಕೊಯ್ಲು ಮುಗಿದ ಗದ್ದೆಯಲ್ಲಿ ಇನ್ನೂರು ಕಾರು. ಬೆಳಕಿನ ಕಂಬದ ಅಡಿಯಲ್ಲಿ ನಿಲ್ಲಿಸಿದರೆ ಕಳ್ಳನ ಭಯವಿಲ್ಲ, ಆದರೆ ಕಂಬದ ಪಕ್ಕವೇ ತೆಂಗಿನ ಮರ. ಅಣ್ಣ ಕಾಯಿ ಎಣಿಸಿ, ಕಾರು ಸರಿಸಿ, ಪೀಪಿ ಊದುವ ಸ್ವಯಂಸೇವಕನ ಫೋನ್ ನಂಬರ್ ಬರೆದುಕೊಂಡರು. ದೈವ ನುಡಿ ಕೊಡುವ ಹೊತ್ತಿಗೆ ಕುಟುಂಬದವರೆಲ್ಲ ಕೈ ಮುಗಿದು ನಿಂತಿದ್ದರೆ ಇವರು ಗದ್ದೆಯಲ್ಲಿ ಟಾರ್ಚು ಹಿಡಿದು ನಿಂತಿದ್ದರು.

ಎಲ್ಲ ಆದದ್ದು 25ರಂದು, ಎಂಡ್ ಪಾಯಿಂಟಿನಲ್ಲಿ. ಕಾಮಿನಿ ಹೊಳೆ ಕಡಲು ಸೇರುವ ಈ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಮೇಲೆ ರಜೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೇ ಪುಣ್ಯ. ಜನ ಸಾಮಾನ್ಯವಾಗಿ ಕೀಯನ್ನು ಚಕ್ರದ ಮೇಲೋ ಚಪ್ಪಲಿಯ ಅಡಿಯಲ್ಲೋ ಇಟ್ಟು ನೀರಿಗಿಳಿಯುತ್ತಾರೆ. ಕಳ್ಳರು ಮೊದಲು ಹುಡುಕುವುದೂ ಅಲ್ಲೇ. ಅಣ್ಣ ಹಾಗೆ ಮಾಡಲಿಲ್ಲ. ಫೋನನ್ನು ಸೀಟಿನ ಅಡಿಗೆ ತಳ್ಳಿ, ಸಲಾಕೆ ಜಡಿದು, ಕೀಯನ್ನು ಕೊರಳ ಸರಕ್ಕೆ ಕಟ್ಟಿಕೊಂಡು ಮೊಮ್ಮಗನ ಜತೆ ತೆರೆಗೆ ಇಳಿದರು.

ಮೇಲೆ ಬಂದು ಒತ್ತಿದರು. ಕುಂಯ್ ಇಲ್ಲ. ಇನ್ನೊಮ್ಮೆ ಒತ್ತಿದರು. ಕೀಯ ಸಂದಿಯಿಂದ ಉಪ್ಪುನೀರು ಬಂತು.

ಚರ್ಮುರಿ ಗಾಡಿಯ ಹುಡುಗನಿಗೆ ಕನಿಕರವಾಯಿತು. ಕೀ ಇಸಿದುಕೊಂಡು, ಬದಿಯ ಸಣ್ಣ ಗುಂಡಿ ಒತ್ತಿ, ಒಳಗಿನಿಂದ ಒಂದು ಚಪ್ಪಟೆ ಲೋಹದ ಕೀ ಎಳೆದ. ನಾಲ್ಕು ವರ್ಷ ಕಿಸೆಯಲ್ಲಿಟ್ಟುಕೊಂಡಿದ್ದರೂ ಅಂಥದ್ದೊಂದು ಒಳಗಿದೆಯೆಂದು ಅಣ್ಣನಿಗೆ ಗೊತ್ತಿರಲಿಲ್ಲ. ಅದನ್ನು ಬಾಗಿಲಿಗೆ ಹಾಕಿ ತಿರುಗಿಸಿದ್ದೇ ತಡ, ರಿಮೋಟಿಲ್ಲದೆ ಬಾಗಿಲು ತೆರೆದವನು ಕಳ್ಳನೇ ಎಂದು ಕಾರು ಬೊಬ್ಬೆ ಹಾಕತೊಡಗಿತು. ಬೀಚಿನವರೆಲ್ಲ ಓಡಿ ಬಂದರು. ಎಂಎಚ್ ಗಾಡಿ, ಒದ್ದೆ ಚಡ್ಡಿಯ ಮನುಷ್ಯ, ಕೈಯಲ್ಲಿ ಚೂಪು ಲೋಹ.

‘ಆರ್‌ಸಿ ತೋರಿಸಿ’ ಎಂದ ಕಾವಲುಗಾರ.

‘ಒಳಗಿದೆ.’

‘ಒಳಗೆ ಕೈ ಹಾಕಬೇಡಿ.’

‘ಫೋನಿನಲ್ಲೂ ಇದೆ.’

‘ಫೋನ್ ಎಲ್ಲಿ?’

‘ಅದೂ ಒಳಗಿದೆ.’

ಗುಂಪಿನಲ್ಲಿ ಯಾರೋ 379 ಎಂದರು. ಆ ಸ್ಥಿತಿಯಲ್ಲೂ ಅಣ್ಣನಿಗೆ ತಡೆಯಲಾಗಲಿಲ್ಲ: ‘379 ಹಳೆಯದು ಮಾರಾಯ್ರೆ. 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 303.’ ಇಷ್ಟು ಚೆನ್ನಾಗಿ ಸೆಕ್ಷನ್ ಬಲ್ಲವನನ್ನು ಯಾರು ನಂಬುತ್ತಾರೆ?

ಅಷ್ಟರಲ್ಲಿ ಸೀಟಿನ ಅಡಿಯ ಫೋನು ಟಿಣ್ ಎಂದಿತು. ನಿಮ್ಮ ಕಾರನ್ನು ಯಾರೋ ತೆರೆದಿದ್ದಾರೆ ಎಂದು ಜಿಪಿಎಸ್ ಎಚ್ಚರಿಸುತ್ತಿತ್ತು. ಅದೇ ಎಚ್ಚರಿಕೆ ಡೊಂಬಿವಲಿಯಲ್ಲಿದ್ದ ಮಗನಿಗೂ ಹೋಯಿತು, ಮಗ ಭಾವನಿಗೆ ಫೋನ್ ಮಾಡಿದ, ಕಾಲು ಗಂಟೆಯಲ್ಲಿ 800 ಹೊಗೆಯುಗುಳುತ್ತ ಬಂದು ನಿಂತಿತು. ಭಾವ ಇಳಿಯಲೂ ಇಲ್ಲ. ಏರದ ಗ್ಲಾಸಿನ ಬದಿಗೆ ಬಾಗಿ, ‘ಅವರು ನನ್ನ ಹೆಂಡತಿಯ ತಮ್ಮ, ಬಿಡಿ’ ಎಂದರು. ಆರ್‌ಸಿ, ವಿಮೆ, ಲೇಸರ್ ಸಂಖ್ಯೆ ಯಾವುದನ್ನೂ ಯಾರೂ ಮತ್ತೆ ಕೇಳಲಿಲ್ಲ.

ಕಾರು ಸ್ಟಾರ್ಟ್ ಆಗಲಿಲ್ಲ. ಸತ್ತ ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಕೆಲವೊಮ್ಮೆ ಆಗುತ್ತದೆ. ಇದು ಉಪ್ಪು ಕುಡಿದಿತ್ತು. ಎರಡನೇ ಕೀ ತರಿಸೋಣವೆಂದರೆ ಲಾಕರಿಗೆ ಸಹಿ ಹಾಕಬೇಕಾದ ಇಬ್ಬರೂ ಪಡುಬಿದ್ರಿಯಲ್ಲಿ. ಕಾರನ್ನು ಚರ್ಮುರಿ ಹುಡುಗನ ವಶಕ್ಕೆ ಬಿಟ್ಟು, ಎಲ್ಲರೂ 800ರಲ್ಲಿ ಮನೆಗೆ ಬಂದು, ರಿಮೋಟನ್ನು ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತರು.

ರಾತ್ರಿ ಹತ್ತಕ್ಕೆ ಅಣ್ಣನಿಗೆ ನಿದ್ದೆ ಹತ್ತಲಿಲ್ಲ. ಎದ್ದು ಅಂಗಳಕ್ಕೆ ಹೋಗಿ, 800ರಲ್ಲಿ ನೇತಾಡುತ್ತಿದ್ದ ಕೀ ತೆಗೆದು, ನಾಲ್ಕೂ ಬಾಗಿಲು ಎಳೆದು ನೋಡಿ, ಕೀಯನ್ನು ತಲೆದಿಂಬಿನ ಅಡಿಯಲ್ಲಿಟ್ಟು ಮಲಗಿದರು. ಬೆಳಗ್ಗೆ ಮೀನಿಗೆ ಹೊರಟ ಭಾವ ಕೀ ಕಾಣದೆ ಒಂದು ಗಳಿಗೆ ನಿಂತು, ಮೊಳೆಯಲ್ಲಿ ತೂಗುತ್ತಿದ್ದ ಸ್ಕೂಟರಿನ ಕೀ ತೆಗೆದು, ಅದನ್ನೇ ಹಾಕಿ ತಿರುಗಿಸಿ ಹೋದರು.

ಅಣ್ಣ ಏಳಕ್ಕೆ ಎದ್ದರು. ದಿಂಬಿನ ಅಡಿಗೆ ಕೈ ಹಾಕಿ ನೋಡಿದರು. ಕೀ ಇತ್ತು. ಅಂಗಳದಲ್ಲಿ ಕಾರಿರಲಿಲ್ಲ.