ನಾರಿನ ಲೆಕ್ಕ

ಏಳು ವರ್ಷದ ಮಗನಿಗೆ ಸೀಲಿಯಾಕ್ ಕಾಯಿಲೆ, ಗ್ಲುಟೆನ್ ಇರುವ ಗೋಧಿ ಜನ್ಮದಲ್ಲಿ ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ ದಿನವೇ ನಾನು ನೀರಮಾನ್ವಿಯ ಗ್ಲುಟೆನ್ ಪಂಡಿತನಾದೆ. ಪಂಡಿತನ ಮೊದಲ ಕೆಲಸ, ಆನ್‌ಲೈನಿನಲ್ಲಿ ಗ್ಲುಟೆನ್ ಇಲ್ಲದ ಬಿಸ್ಕೀಟಿನ ಒಂದು ಡಬ್ಬಿಯನ್ನೇ ತರಿಸಿದ್ದು. ಒಳಗಿದ್ದದ್ದು ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್, ಸಕ್ಕರೆ. ಊಟಕ್ಕೆ ಎರಡು ಹೊತ್ತೂ ಸೋನಾ ಮಸೂರಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜ್ವಾಳ ಬಿಟ್ಟು ಅನ್ನಕ್ಕೆ ಬಡ್ತಿ ಪಡೆದ ಮನೆತನ ನಮ್ಮದು.

ನಾಲ್ಕು ದಿನ ಹುಡುಗ ಚರಿಗಿ ಮುಟ್ಟಲಿಲ್ಲ. ಐದನೆಯ ದಿನ ಪಾಯಖಾನೆ ಬಾಗಿಲಲ್ಲಿ ನಿಂತು "ಆತೇನಪಾ?" ಎಂದು ಕೂಗುವುದೇ ನನ್ನ ಉದ್ಯೋಗವಾಯಿತು.

"ನಾರು ಸಾಲ್ತಿಲ್ಲ. ವಯಸ್ಸಿಗೆ 5 ಕೂಡಿಸಿ, ದಿನಕ್ಕೆ ಅಷ್ಟು ಗ್ರಾಂ ಬೇಕು" ಅಂದರು ಡಾಕ್ಟರು. ಅಂದರೆ 12. ಬಿಳಿ ಅಕ್ಕಿಯಲ್ಲಿ 100 ಗ್ರಾಮಿಗೆ 3 ಗ್ರಾಂ ದಾಟುವುದಿಲ್ಲ.

"ಯವ್ವಾ, ಇವಂಗ ನಾರು ಬೇಕಂತ."

"ಮನಿ ಹಿಂದ ಗಟಾರ ನಾರೋದು ಸಾಲವಲ್ದೇನು?" ಅಂದಳು ಅವ್ವ.

ಜ್ವಾಳದಲ್ಲಿ ಗ್ಲುಟೆನ್ ಇಲ್ಲ, ನಾರು 100ಕ್ಕೆ 10ರಷ್ಟಿದೆ ಎಂದು ನಾನು ಮೊಬೈಲು ನೋಡಿ ಓದುವಷ್ಟರಲ್ಲಿ ಆಕೆ ಎಸರಿಟ್ಟಿದ್ದಳು. ನಾನು ಹಿಟ್ಟಿನ ಡಬ್ಬಿ ಕಿತ್ತುಕೊಂಡೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಬೀಸಿದ ಹಿಟ್ಟದು! ಗಿರಣಿಗೆ ಓಡಿ "ಕಲ್ಲು ತೊಳೀರಿ" ಅಂದೆ. ಅವರು ನನ್ನ ತಲೆಯನ್ನೇ ತೊಳೆಯಬೇಕೆಂಬಂತೆ ನೋಡಿದರು. ಕಡೆಗೆ ಅಟ್ಟದ ಬೀಸುಕಲ್ಲು ಇಳಿಯಿತು. ಅರ್ಧ ತಾಸು ತಿರುವಿದೆ, ಎರಡು ಹಿಡಿ ಹಿಟ್ಟು ಬಿತ್ತು, ಬೆವರು ಅದಕ್ಕಿಂತ ಹೆಚ್ಚು.

"ಪದಾ ಹಾಡಬೇಕು ತಮ್ಮಾ. ಮುಕಳಿ ಊರಿ ಬರೇ ತಿರುವಿದ್ರ ಹಿಟ್ಟು ಬೀಳಂಗಿಲ್ಲ."

ಹಾಡಿದೆ. ಎದುರುಮನೆಯ ಎಮ್ಮೆ ಹಗ್ಗ ಹರಕೊಂಡಿತು.

ರೊಟ್ಟಿ ಸಾಲದೆಂದು ಪಂಡಿತ ಅದೇ ದಿನ ಮಡಕಿ ಕಾಳು, ಅಗಸಿ ಚಟ್ನಿ, ಎರಡು ಪೇರಲಹಣ್ಣೂ ಸೇರಿಸಿದ. ರಾತ್ರಿಯೆಲ್ಲ ಹುಡುಗನ ಹೊಟ್ಟೆಯಲ್ಲಿ ಡೊಳ್ಳು. ನಾರನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು, ಜೊತೆಗೆ ನೀರು ಚೆನ್ನಾಗಿ ಕುಡಿಸಬೇಕು ಎಂಬುದನ್ನು ಡಾಕ್ಟರು ಆವತ್ತೇ ಹೇಳಿದ್ದರು. ನಾನು 12ರ ಲೆಕ್ಕದಲ್ಲಿದ್ದೆ. ಅವ್ವ ಮಾತಾಡದೆ ಮಜ್ಜಿಗೆ ಕುಡಿಸಿದಳು, ಮರುದಿನದಿಂದ ಒಂದೇ ರೊಟ್ಟಿ, ಒಂದೇ ಪಲ್ಯ.

ವಾರದಲ್ಲಿ ಹುಡುಗ ಹಾದಿಗೆ ಬಂದ. ಉಳಿದದ್ದು ಬಿಸ್ಕೀಟು. ಅವನು ಮುಟ್ಟಲೊಲ್ಲ, ರೊಕ್ಕ ಕೊಟ್ಟದ್ದನ್ನು ಚೆಲ್ಲಲು ನನಗೆ ಮನಸ್ಸಿಲ್ಲ. ಚಾದ ಜೊತೆ ನಾನೇ ಮುಗಿಸುತ್ತಿದ್ದೇನೆ.

ಇವತ್ತಿಗೆ ಮೂರು ದಿನ. ಹೊರಗೆ ಮಗ ಬಾಗಿಲು ಬಡಿಯುತ್ತಿದ್ದಾನೆ.

"ಯಪ್ಪಾ, ಆತೇನು?"