ಸೆಟ್ಟಿಂಗ್ ಸ್ವಾಮಿಯ ಲಕ್ಷಣ ವಿಚಾರ

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ, ಅರಿಸಿನ, ಬಾಳೆ, ಸಣ್ಣ ಈರುಳ್ಳಿ ಬೆಳೆಯುವ ಉಡಿಗಾಲದ ಸೀಮೆಯಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಗೃಹಸ್ಥರ ಒಂದು ಪ್ರಭೇದವನ್ನು ಅಧ್ಯಯನದ ಅನುಕೂಲಕ್ಕಾಗಿ ‘ಸೆಟ್ಟಿಂಗ್ ಸ್ವಾಮಿ’ ಎಂದು ಕರೆಯಬಹುದು. ವಯಸ್ಸು ನಲವತ್ತೈದರ ಆಚೆಗಿದ್ದು, ಹೊಲವನ್ನು ವಾರಕ್ಕೆ ಕೊಟ್ಟು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಈತನ ಮನೆಯಲ್ಲಿ ಟಿವಿಗೆ ಜೋಡಿಸಿದ ಒಂದು ಕಂಪ್ಯೂಟರ್ ಇರುತ್ತದೆ ಎಂಬುದು ಸಾಮಾನ್ಯ ಲಕ್ಷಣ. ಅದು ಯಾವಾಗ ನೋಡಿದರೂ ರಿಪೇರಿಯಲ್ಲಿರುತ್ತದೆ ಎಂಬುದು ವಿಶೇಷ ಲಕ್ಷಣ.

ಈ ಪ್ರಭೇದಕ್ಕೆ ವಂಶಾವಳಿ ಇಲ್ಲದಿಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದಾಗ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತ “ಬಂತಾ?” ಎಂದು ಕೂಗುತ್ತಿದ್ದವನೇ ಇವನ ಮೂಲಪುರುಷನೆಂದು ಹೇಳಲು ಸಾಕಷ್ಟು ಆಧಾರಗಳಿವೆ. ಆದರೆ ಆ ಮೂಲಪುರುಷನಿಗೆ ಕೆಳಗೆ ಚಿತ್ರ ಮೂಡಿತೆಂದರೆ ಇಳಿದು ಬಂದು ಜನರ ನಡುವೆ ಕುಳಿತು ನೋಡುವಷ್ಟು ಲೌಕಿಕ ಬುದ್ಧಿಯಿತ್ತು. ಚಿತ್ರ ಮೂಡಿದ ಮೇಲೂ ಇಳಿಯದೆ ಉಳಿದುಬಿಡುವುದು ಸೆಟ್ಟಿಂಗ್ ಸ್ವಾಮಿಯ ಕಾಲದಲ್ಲಿ ಆದ ಬೆಳವಣಿಗೆ.

ಸ್ವಾಮಿಯ ಟಿವಿಗೆ ಜೋಡಿಸಿದ ಈ ಕಂಪ್ಯೂಟರಿಗೆ ಮೀಡಿಯಾ ಸೆಂಟರ್ ಎಂದು ಹೆಸರು; ಎಂದರೆ, ಮನೆಯಲ್ಲಿರುವ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಒಂದೆಡೆ ಕೂಡಿಟ್ಟು ಟಿವಿಯ ಪರದೆಯ ಮೇಲೆ ರಿಮೋಟಿನಿಂದಲೇ ಆರಿಸಿ ನೋಡುವಂತೆ ಮಾಡುವ ಕಂಪ್ಯೂಟರ್. ಜೆರಾಕ್ಸ್ ಅಂಗಡಿಯವರು ಹಳತಾಯಿತೆಂದು ಮಾರಿದ್ದನ್ನು ಸ್ವಾಮಿ ಕೊಂಡು ತಂದು, ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಸಾಗಿಸುವ ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಸೇರಿಸಿ, ಅದರೊಳಗೆ ‘ಕೋಡಿ’ ಎಂಬ ತಂತ್ರಾಂಶವನ್ನು ಸ್ಥಾಪಿಸಿರುತ್ತಾನೆ. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ಸಿನಿಮಾ ನೋಡುವ ಸಲುವಾಗಿ ಕೆಲವರು ಉತ್ಸಾಹಿಗಳು 2002ರಲ್ಲಿ ಆರಂಭಿಸಿ, ಮುಂದೆ ಎಲ್ಲ ಬಗೆಯ ಕಂಪ್ಯೂಟರಿಗೂ ವಿಸ್ತರಿಸಿ, 2014ರಲ್ಲಿ ಈ ಹೆಸರಿಟ್ಟ ತಂತ್ರಾಂಶವಿದು. ಉಚಿತವಾಗಿ ಸಿಗುತ್ತದೆ, ಮತ್ತು ಬದಲಾಯಿಸಲು ಇದರಲ್ಲಿ ಲೆಕ್ಕವಿಲ್ಲದಷ್ಟು ಸೆಟ್ಟಿಂಗುಗಳಿವೆ. ಎರಡನೆಯ ಕಾರಣಕ್ಕಾಗಿಯೇ ಸ್ವಾಮಿ ಇದನ್ನು ಆರಿಸಿಕೊಂಡನೆಂಬುದರಲ್ಲಿ ಅನುಮಾನವಿಲ್ಲ.

ಇಷ್ಟೆಲ್ಲ ಏರ್ಪಾಡಿನ ಘೋಷಿತ ಉದ್ದೇಶ ಮುದಿತಾಯಿಗೆ ‘ಬಂಗಾರದ ಮನುಷ್ಯ’ ತೋರಿಸುವುದು. ಗಡಿಯಾಚೆಗಿನ ಗಾಜನೂರಿನ ರಾಜ್‌ಕುಮಾರ್ ಅವರನ್ನು ತಮ್ಮ ಪಕ್ಕದ ಊರಿನವರೆಂದೇ ಭಾವಿಸುವ ಈ ಸೀಮೆಯಲ್ಲಿ, 1972ರ ಆ ಚಿತ್ರವನ್ನು ಮಗ ತಾಯಿಗೆ ತೋರಿಸುವುದು ಪುಣ್ಯದ ಕೆಲಸವೆಂದೇ ಎಣಿಕೆಯಾಗುತ್ತದೆ. ತಾಯಿ ಊಟ ಮುಗಿಸಿ ಗೋಡೆಗೊರಗಿ, “ರಾಜ್‌ಕುಮಾರ ಇವತ್ತಾರೂ ಬತ್ತನಾ ಕೂಸು, ಇಲ್ಲ ನಾ ಮನಿಕೊಳ್ಳಲಾ?” ಎಂದು ಕೇಳುವುದೂ, ಟಿವಿಯ ಹಿಂದಿನಿಂದ “ಇರವ್ವಾ, ನೆಟ್‌ವರ್ಕ್ ಪ್ರಾಬ್ಲಮ್ಮು” ಎಂಬ ಉತ್ತರ ಬರುವುದೂ ಆ ಮನೆಯ ನಿತ್ಯವಿಧಿ.

ಪ್ರಾಬ್ಲಮ್ಮಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಸ್ವಾಮಿಯ ಸಮಸ್ತ ತತ್ತ್ವಜ್ಞಾನವೂ ಅದರಿಂದಲೇ ಹುಟ್ಟಿದ್ದು. ಕೇಬಲ್‌ನವರು ಫೈಬರ್ ತಂತಿ ಎಳೆದು, ಜಗುಲಿಯ ಗೋಡೆಗೆ ಒಂದು ರೌಟರ್, ಅಂದರೆ ಹೊರಗಿನ ಇಂಟರ್ನೆಟ್ಟನ್ನು ಮನೆಯೊಳಗಿನ ಯಂತ್ರಗಳಿಗೆ ಹಂಚುವ ಪೆಟ್ಟಿಗೆಯನ್ನು, ಕೂರಿಸಿ ಹೋಗಿರುತ್ತಾರೆ. ವೈಫೈ ಅಲೆಗಳು ಹಳೆಯ ಮನೆಯ ದಪ್ಪ ಮಣ್ಣುಗೋಡೆಗಳನ್ನು ದಾಟುವಷ್ಟರಲ್ಲಿ ಸೊರಗುವುದರಿಂದ, ಸ್ವಾಮಿ ಬೆಂಗಳೂರಿನ ಭಾಮೈದ ಬಿಟ್ಟುಹೋದ ಇನ್ನೊಂದು ಹಳೆಯ ರೌಟರನ್ನು ತಂದು ನಡುಮನೆಯಲ್ಲಿ ಇಟ್ಟು ಎರಡಕ್ಕೂ ತಂತಿ ಜೋಡಿಸುತ್ತಾನೆ. ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಜಾಲದೊಳಗೆ ಬರುವ ಪ್ರತಿಯೊಂದು ಫೋನಿಗೂ ಕಂಪ್ಯೂಟರಿಗೂ ಐಪಿ ವಿಳಾಸವೆಂಬ ಒಂದು ಸಂಖ್ಯೆ ಬೇಕು. ಅದನ್ನು ತಾನಾಗಿಯೇ ಹಂಚುವ, 1993ರಲ್ಲಿ ರೂಪಿತವಾದ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಮತ್ತು ಒಂದು ಮನೆಯ ಜಾಲದಲ್ಲಿ ಈ ಹಂಚಿಕೆಯನ್ನು ಒಂದು ಪೆಟ್ಟಿಗೆ ಮಾತ್ರ ಮಾಡಬೇಕು. ಸ್ವಾಮಿಯ ಮನೆಯಲ್ಲಿ ಎರಡೂ ಮಾಡುತ್ತವೆ. ಒಂದೇ ಜಮೀನಿಗೆ ಇಬ್ಬರು ಶಾನುಭೋಗರು ಖಾತೆ ಮಾಡಿಕೊಟ್ಟಂತಾಗಿ, ಕೇಳಿದ ಯಂತ್ರಕ್ಕೆ ಯಾವ ಪೆಟ್ಟಿಗೆಯ ಉತ್ತರ ಮೊದಲು ತಲುಪುತ್ತದೋ ಅದರ ಮಾತೇ ಊರ್ಜಿತವಾಗುತ್ತದೆ. ಜಗುಲಿಯ ಪೆಟ್ಟಿಗೆ ಮೊದಲು ಉತ್ತರಿಸಿದರೆ ಎಲ್ಲವೂ ಸರಿ. ನಡುಮನೆಯದು ಮೊದಲು ಉತ್ತರಿಸಿದರೆ, ಅದು ಹೊರಗೆ ಹೋಗುವ ದಾರಿ ತಾನೇ ಎಂದು ಹೇಳಿಕೊಳ್ಳುತ್ತದೆ, ಆದರೆ ಅದರ ಬಳಿ ಅಂಥ ದಾರಿಯೇ ಇರುವುದಿಲ್ಲ. ಹೀಗಾಗಿ ಸೋಮವಾರ ಮಗಳ ಫೋನು ನಡೆದು ಟಿವಿ ನಿಲ್ಲುತ್ತದೆ, ಮಂಗಳವಾರ ಟಿವಿ ನಡೆದು ಫೋನು ನಿಲ್ಲುತ್ತದೆ.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗಲೆಲ್ಲ ಈ ಪೈಪೋಟಿ ಹೊಸದಾಗಿ ನಡೆಯುವುದರಿಂದ ಕೆಲವೊಮ್ಮೆ ಫಲ ಅನುಕೂಲವಾಗಿಯೇ ಬರುತ್ತದೆಂಬುದು ಗಮನಾರ್ಹ. ರೀಸ್ಟಾರ್ಟ್ ಎಂಬ ಕ್ರಿಯೆಯ ಮೇಲೆ ಸ್ವಾಮಿಗಿರುವ ಅಚಲ ಭಕ್ತಿಯ ಬೇರು ಇಲ್ಲಿದೆ. ಆತ ಒಂದೇ ಸಂಜೆಯಲ್ಲಿ ಕೇಬಲ್ ಕಿತ್ತು ಹಾಕಿ, ವೈಫೈ ಚಾನೆಲ್ ಬದಲಿಸಿ, ಕೋಡಿಯನ್ನು ಅಳಿಸಿ ಮರುಸ್ಥಾಪಿಸಿ, ರೌಟರನ್ನು ಕಿಟಕಿಯಿಂದ ದೇವರ ಗೂಡಿನ ಪಕ್ಕಕ್ಕೆ ಸರಿಸಿ, ಕೊನೆಗೆ ಒಂದು ರೀಸ್ಟಾರ್ಟ್ ಮಾಡುತ್ತಾನೆ. ಚಿತ್ರ ಮೂಡಿದರೆ, ಎಲ್ಲಕ್ಕಿಂತ ಕೊನೆಗೆ ಮಾಡಿದ್ದೇ ಮದ್ದೆಂದು ತೀರ್ಮಾನಿಸುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂಬ ಪ್ರಯೋಗಶಾಲೆಯ ನಿಯಮ ಆತನಿಗೆ ಗೊತ್ತಿಲ್ಲವೆಂದಲ್ಲ. ಹಾಗೆ ಮಾಡಿದರೆ ತಪ್ಪು ಬೇಗ ಸಿಕ್ಕಿಬಿಡುತ್ತದೆ. ದೇವರ ಗೂಡಿನ ಪಕ್ಕ ಇಟ್ಟಂದು ಸಿನಿಮಾ ಬಂದದ್ದರಿಂದ ರೌಟರಿಗೂ ಈಗ ಶುಕ್ರವಾರದ ಕುಂಕುಮ ಸಲ್ಲುತ್ತಿದೆ.

ಹೆಂಡತಿಯ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನನ್ನು ಕೇಳಿ ಪಡೆದು, ಜಗುಲಿಯ ಪೆಟ್ಟಿಗೆಯ ಬೆನ್ನಿನಲ್ಲಿರುವ ಸಣ್ಣ ರಂಧ್ರಕ್ಕೆ ಚುಚ್ಚುವುದು ಈತನ ಶಸ್ತ್ರಚಿಕಿತ್ಸೆ. ಇದಕ್ಕೆ ರೀಸೆಟ್ ಎನ್ನುತ್ತಾರೆ. ರೀಸ್ಟಾರ್ಟಿನಲ್ಲಿ ಯಂತ್ರ ಮಲಗಿ ಏಳುತ್ತದೆ. ರೀಸೆಟ್ಟಿನಲ್ಲಿ ಅದು ಹಿಂದಿನದೆಲ್ಲವನ್ನೂ, ಕೇಬಲ್‌ನವರು ತುಂಬಿಸಿದ್ದ ಯೂಸರ್ ಹೆಸರು, ಪಾಸ್‌ವರ್ಡ್ ಸಮೇತ, ಮರೆಯುತ್ತದೆ. ಆಮೇಲೆ ಕೇಬಲ್ ಹುಡುಗ ಬೈಕಿನಲ್ಲಿ ಬರುವವರೆಗೆ ಮನೆಗೆ ಮನೆಯೇ ಮೌನವ್ರತ.

ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗಿನ ಲ್ಯಾಪ್‌ಟಾಪಿನಿಂದ ಟಿವಿಗೆ ಸಿನಿಮಾ ಹರಿಸಬಹುದೆಂಬುದು ಸರಿಯಾದ ಮಾತು, ಮತ್ತು ಸ್ವಾಮಿ ಅದನ್ನು ಪಂಚಾಯಿತಿ ಕಟ್ಟೆಯಲ್ಲಿ ಪದೇಪದೇ ಹೇಳುತ್ತಾನೆ. ಫೋಲ್ಡರುಗಳನ್ನು ಹೀಗೆ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಪದ್ಧತಿಯ ಮೊದಲ ಆವೃತ್ತಿಯ ದೋಷವೊಂದನ್ನು ಬಳಸಿಕೊಂಡು 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಮುಂದಕ್ಕೆ, ಹೊಸದಾಗಿ ಸ್ಥಾಪಿಸಿದ ಕಂಪ್ಯೂಟರುಗಳಲ್ಲಿ ಆ ಹಳೆಯ ಆವೃತ್ತಿ ತಾನಾಗಿ ಬರುವುದು ನಿಂತಿತು. ಸ್ವಾಮಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಳೆಯದೊಂದೇ ಗೊತ್ತು, ಮಗಳ ಲ್ಯಾಪ್‌ಟಾಪಿಗೆ ಹೊಸದೊಂದೇ ಗೊತ್ತು. ಸೊಸೆಯೂ ಅತ್ತೆಯೂ ಮಾತು ಬಿಟ್ಟಿರುವ ಮನೆಗಳು ಊರಲ್ಲಿ ಇಲ್ಲದಿಲ್ಲವಾದರೂ, ಸ್ವಾಮಿಯ ಮನೆಯಲ್ಲಿ ಆ ಸ್ಥಿತಿ ಬಂದಿರುವುದು ಯಂತ್ರಗಳಿಗೆ ಮಾತ್ರ.

ಇನ್ನು ಕೋಡಿಗೆ ಇರುವ ಒಂದು ವಿದ್ಯೆಯೆಂದರೆ, ಕಡತದ ಹೆಸರನ್ನು ಓದಿ, ಇಂಟರ್ನೆಟ್ಟಿನ ಚಲನಚಿತ್ರ ಕೋಶದಲ್ಲಿ ಅದನ್ನು ಹುಡುಕಿ, ಪೋಸ್ಟರನ್ನೂ ತಾರಾಗಣವನ್ನೂ ತಾನೇ ತಂದು ಅಂಟಿಸುವುದು. ನೀಲಗಾರರು ರಾತ್ರಿಯಿಡೀ ಹಾಡಿದ ಮಂಟೇಸ್ವಾಮಿ ಕಥೆಯ ರೆಕಾರ್ಡಿಂಗಿಗೂ, ತಂಗಿಯ ಮದುವೆಯ ವಿಡಿಯೊಗೂ ಅದು ಇದೇ ಸೇವೆ ಸಲ್ಲಿಸಿದ್ದರಿಂದ, ಮದುವೆಯ ಕಡತದ ಮೇಲೆ ಬಂದೂಕು ಹಿಡಿದ ಯಾವನೋ ಪರದೇಶದವನ ಚಿತ್ರ ಬಂದು ಕುಳಿತಿತು. ಬೀಗರು ಬಂದಾಗ ಅದನ್ನು ಕಂಡು, ಯಾರ ಕಡೆಯವರು ಎಂದು ವಿಚಾರಿಸಿದರು.

ಕೊನೆಗೆ ಮೂಲದೋಷವನ್ನು ಹಿಡಿದದ್ದು ಕೇಬಲ್ ಹುಡುಗ. ಆತ ಗಾಡಿಯ ಕೀ ಬೆರಳಲ್ಲಿ ತಿರುಗಿಸುತ್ತಲೇ “ಎರಡರಲ್ಲೂ ಡಿಎಚ್‌ಸಿಪಿ ಆನ್ ಅದ ಕನಣ್ಣ” ಎಂದು ನಡುಮನೆಯ ಪೆಟ್ಟಿಗೆಯದನ್ನು ಆರಿಸಿ, ಅದರ ವಿಳಾಸ ಬದಲಿಸಿ, ಕೊಟ್ಟ ಕಾಫಿ ಆರುವ ಮುನ್ನ ಹೊರಟುಹೋದ. ಎಲ್ಲವೂ ನಡೆಯತೊಡಗಿತು. ಹೆಂಡತಿಗೆ ಸಂತೋಷವಾಯಿತು; ಸ್ವಾಮಿಗಾದದ್ದನ್ನು ಸಂತೋಷವೆನ್ನಲು ಬರುವುದಿಲ್ಲ. ಆತ ಎರಡು ದಿನ ಊಟ ಕಡಿಮೆ ಮಾಡಿ, ಮೂರನೆಯ ದಿನ ಕೋಡಿಗೆ ಹೊಸ ಆವೃತ್ತಿ ಬಂದಿದೆಯೆಂದು ತಿಳಿದು ಚೇತರಿಸಿಕೊಂಡ.

ಹೆಂಡತಿ ಇದಕ್ಕೆ ಕಂಡುಕೊಂಡ ಉಪಾಯವನ್ನು ಗ್ರಾಮೀಣ ರಾಜನೀತಿಯ ಉತ್ತಮ ಮಾದರಿಯೆಂದೇ ಪರಿಗಣಿಸಬೇಕು. ನೀರಿಗೆ ಬಂದವರ ಬಳಿ, ಹಾಲಿನ ಡೇರಿಯ ಬಳಿ, ತನ್ನ ಯಜಮಾನರಷ್ಟು ಕಂಪ್ಯೂಟರ್ ತಿಳಿದವರು ಈ ಸುತ್ತಿನಲ್ಲಿಲ್ಲವೆಂದು ಆಕೆ ಹೇಳತೊಡಗಿದ ಮೇಲೆ, ತೆರಕಣಾಂಬಿಯ ಅಂಗಡಿಯೊಂದರ ಸಿಸಿಟಿವಿಗೂ, ಚೆಂಡುಹೂವಿನ ದಲ್ಲಾಳಿಯೊಬ್ಬರ ಪ್ರಿಂಟರಿಗೂ ಸ್ವಾಮಿಗೆ ಕರೆ ಬಂತು. ಆತ ಟೆಸ್ಟರಿನೊಂದಿಗೆ ಹೊರಟ ಸಂಜೆಗಳಲ್ಲಿ ‘ಬಂಗಾರದ ಮನುಷ್ಯ’ ತಡೆಯಿಲ್ಲದೆ ಕೊನೆಯವರೆಗೂ ಓಡಿ, ತಾಯಿ ಕಣ್ಣೊರೆಸಿಕೊಂಡು ಮಲಗಿದ್ದೂ ಉಂಟು. ಚಾಮರಾಜನಗರಕ್ಕೆ ಕಾಲೇಜಿಗೆ ಹೋಗಿಬರುವ ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡೂ ರೌಟರುಗಳ ಪಾಸ್‌ವರ್ಡ್ ಬದಲಿಸಿಟ್ಟಳು. ತೆರಕಣಾಂಬಿಯಿಂದ ಹಿಂದಿರುಗಿದ ಸ್ವಾಮಿ ರಾತ್ರಿ ಹತ್ತರವರೆಗೂ ಒಳಹೋಗಲು ಹೆಣಗಿ, ಇದೇಕೆ ಹೀಗಾಯಿತೆಂದು ಮಗಳನ್ನೇ ಕೇಳಿದಾಗ, ಆಕೆ ಪುಸ್ತಕದಿಂದ ತಲೆಯೆತ್ತದೆ, “ನೆಟ್‌ವರ್ಕ್ ಪ್ರಾಬ್ಲಮ್ಮು ಕನಪ್ಪಾ” ಎಂದಳು.